ಬ್ಯಾಕ್ಟೀರಿಯಾ ಬಾಯಿ ಬಿಟ್ಟರೆ

ಮೊದಲ ಮಳೆ ಬಿದ್ದಾಗ ಏಳುವ ಘಮಕ್ಕೆ ಮಣ್ಣಿನ ವಾಸನೆ ಎನ್ನುತ್ತೇವೆ. ಅದರಲ್ಲಿ ಬಹುಪಾಲು ಮಣ್ಣಿನಲ್ಲಿ ಮನೆ ಮಾಡಿಕೊಂಡ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳ ಕೈವಾಡ. ಅವು ತಯಾರಿಸುವ ಜಿಯೋಸ್ಮಿನ್ ಎಂಬ ರಾಸಾಯನಿಕದ ಮಟ್ಟಿಗೆ ಮನುಷ್ಯನ ಮೂಗು ಎಷ್ಟು ಚುರುಕೆಂದರೆ, ಲಕ್ಷ ಕೋಟಿ ಭಾಗದಲ್ಲಿ ಐದಾರು ಭಾಗ ಇದ್ದರೂ ಗುರುತು ಹಿಡಿಯುತ್ತದೆ. 2009ರಲ್ಲಿ ಯಲಹಂಕದ ಸೃಷ್ಟಿ ಸ್ಕೂಲ್ ಆಫ್ ಆರ್ಟ್, ಡಿಸೈನ್ ಅಂಡ್ ಟೆಕ್ನಾಲಜಿಯ ಕೆಲವು ವಿದ್ಯಾರ್ಥಿಗಳು ಈ ಘಮದ ಬೆನ್ನು ಹತ್ತಿದರು. ಜಿಯೋಸ್ಮಿನ್ ತಯಾರಿಸುವ ಜೀನ್ ಅನ್ನು ಪ್ರಯೋಗಾಲಯದ ಸಾಧು ಬ್ಯಾಕ್ಟೀರಿಯಾ ಇ. ಕೋಲಿಯ ಒಳಗೆ ಸೇರಿಸಿ, ಅದರಿಂದಲೇ ಮಳೆಯ ವಾಸನೆ ಹೊರಡಿಸುವುದು ಅವರ ಯೋಜನೆ.

ಅವರು ಓದುತ್ತಿದ್ದುದು ಕಲೆ ಮತ್ತು ವಿನ್ಯಾಸ. ಪಿಪೆಟ್ ಹಿಡಿಯುವುದರಿಂದಲೇ ಕಲಿಕೆ ಶುರುವಾಗಬೇಕಿತ್ತು. ಕಲಾವಿದ, ಅಧ್ಯಾಪಕ ಯಶಸ್ ಶೆಟ್ಟಿ ತಂಡ ಕಟ್ಟಿದರು. ಬಳ್ಳಾರಿ ರಸ್ತೆಯಲ್ಲಿ ಸ್ವಲ್ಪ ದೂರ ಇಳಿದರೆ ಸಿಗುವ ಜಿಕೆವಿಕೆ ಆವರಣದಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್ ಇದೆ. ಅಲ್ಲಿನ ವಿಜ್ಞಾನಿ ಮುಕುಂದ್ ತಟ್ಟೈ ಅವರ ನೆರವೂ ಸಿಕ್ಕಿತು. ಆ ವರ್ಷ ಅಮೆರಿಕದ ಎಂಐಟಿಯಲ್ಲಿ ನಡೆದ ಐಜೆಮ್ ಎಂಬ ಅಂತರರಾಷ್ಟ್ರೀಯ ಜೀನ್ ಎಂಜಿನಿಯರಿಂಗ್ ಸ್ಪರ್ಧೆಗೆ ನೂರಕ್ಕೂ ಹೆಚ್ಚು ತಂಡಗಳು ಬಂದಿದ್ದವು. ‘ಆರ್ಟ್‌ಸೈನ್ಸ್ ಬೆಂಗಳೂರು’ ಹೆಸರಿನ ಯಲಹಂಕದ ತಂಡ ಅತ್ಯುತ್ತಮ ಪ್ರಸ್ತುತಿಯ ಬಹುಮಾನ ಗಳಿಸಿತು.

ಅದೇ ವೇದಿಕೆಯಲ್ಲಿ ಮೊದಲ ಸ್ಥಾನ ಪಡೆದದ್ದು ಇಂಗ್ಲೆಂಡಿನ ಕೇಂಬ್ರಿಜ್ ತಂಡ. ಅವರು ಇ. ಕೋಲಿಗೆ ಕೆಂಪು, ಕಿತ್ತಳೆ, ನೇರಳೆ, ಕಂದು ಬಣ್ಣಗಳನ್ನು ತಯಾರಿಸಲು ಕಲಿಸಿದ್ದರು. ನೀರಿನಲ್ಲಿ ಯಾವ ವಿಷ ಎಷ್ಟಿದೆ ಎಂಬುದಕ್ಕೆ ತಕ್ಕಂತೆ ಬಣ್ಣ ಬದಲಾಗಬೇಕು, ಬರಿಗಣ್ಣಿಗೇ ಉತ್ತರ ಸಿಗಬೇಕು ಎಂಬುದು ಅವರ ಗುರಿ. ಒಂದು ತಂಡದ್ದು ವಾಸನೆ, ಇನ್ನೊಂದರದ್ದು ಬಣ್ಣ. ಎರಡರ ಹಿಂದಿದ್ದದ್ದು ಒಂದೇ ವಿಚಾರ: ಬ್ಯಾಕ್ಟೀರಿಯಾಗೆ ಗೊತ್ತಾಗುವ ಸಂಗತಿ ಮನುಷ್ಯನ ಇಂದ್ರಿಯಕ್ಕೆ ತಲುಪಬೇಕು. ಜೈವಿಕ ಸಂವೇದಕ ಅಥವಾ ಬಯೋಸೆನ್ಸರ್ ಎನ್ನುವುದರ ತಿರುಳೇ ಅದು.

ಬ್ಯಾಕ್ಟೀರಿಯಾಗೆ ಗೊತ್ತಾಗುವುದು ಬಹಳ. ಸೀಸ, ಪಾದರಸ, ಆರ್ಸೆನಿಕ್, ಆಮ್ಲ, ಉಪ್ಪು, ಸಕ್ಕರೆ ಯಾವುದು ಹತ್ತಿರ ಬಂದರೂ ಅದಕ್ಕೆ ತಕ್ಕ ಪ್ರತಿಕ್ರಿಯೆಯನ್ನು ಕೋಟ್ಯಂತರ ವರ್ಷಗಳಿಂದ ಅವು ರೂಢಿಸಿಕೊಂಡಿವೆ. ಇಲ್ಲದಿದ್ದರೆ ಬದುಕಿ ಉಳಿಯುತ್ತಿರಲಿಲ್ಲ. ಆದರೆ ಆ ಪ್ರತಿಕ್ರಿಯೆ ಒಂದು ಮಿಲಿಮೀಟರಿನ ಸಾವಿರದೊಂದು ಪಾಲಿನಷ್ಟು ಗಾತ್ರದ ಕೋಶದೊಳಗೆ ಸದ್ದಿಲ್ಲದೆ ನಡೆದು ಮುಗಿಯುತ್ತದೆ. ಎಂಜಿನಿಯರಿಂಗ್ ಬೇಕಾಗುವುದು ಅದನ್ನು ಹೊರಗೆ ತರಲು.

ಆರ್ಸೆನಿಕ್ ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಇ. ಕೋಲಿಯ ಒಳಗೆ ಆರ್ಸೆನಿಕ್ ಅನ್ನು ಹೊರಗೆ ತಳ್ಳುವ ಪಂಪಿನ ಜೀನ್‌ಗಳಿವೆ. ವಿಷವಿಲ್ಲದಾಗ ಪಂಪು ಕಟ್ಟುವುದು ದಂಡ. ಹಾಗಾಗಿ ಆರ್ಸ್‌ಆರ್ ಎಂಬ ಪ್ರೋಟೀನ್, ಬಾಗಿಲಿಗೆ ಹಾಕಿದ ಚಿಲಕದಂತೆ, ಆ ಜೀನ್‌ಗಳ ಮುಂದಿನ ಡಿಎನ್‌ಎ ತುಂಡಿನ ಮೇಲೆ ಕೂತಿರುತ್ತದೆ. ಆರ್ಸೆನಿಕ್ ಒಳಗೆ ನುಸುಳಿ ಈ ಪ್ರೋಟೀನಿಗೆ ಅಂಟಿಕೊಂಡಾಗ ಅದರ ಆಕಾರ ಬದಲಾಗುತ್ತದೆ, ಡಿಎನ್‌ಎ ಮೇಲಿನ ಹಿಡಿತ ಸಡಿಲುತ್ತದೆ, ಮುಂದಿನ ಜೀನ್‌ಗಳು ಕೆಲಸ ಶುರು ಮಾಡುತ್ತವೆ. ಆ ‘ಮುಂದಿನ ಜೀನ್’ ಜಾಗದಲ್ಲಿ ಸಮುದ್ರದ ಬೆಳಕಿನ ಬ್ಯಾಕ್ಟೀರಿಯಾದ ಲಕ್ಸ್ ಜೀನ್‌ಗಳನ್ನು ಕೂರಿಸಿದರೆ ಆರ್ಸೆನಿಕ್ ಬಂದಾಗ ಕೋಶ ಮಿನುಗುತ್ತದೆ. ಹೆಚ್ಚು ವಿಷ, ಹೆಚ್ಚು ಬೆಳಕು. ಲಕ್ಸ್ ಬದಲು ಬಣ್ಣದ ಜೀನ್ ಇಟ್ಟರೆ ಬಣ್ಣ ಬರುತ್ತದೆ. 2006ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಆಮ್ಲ ತಯಾರಿಸುವ ಜೀನ್ ಇಟ್ಟರು. ಆರ್ಸೆನಿಕ್ ಇದ್ದರೆ ನೀರು ಹುಳಿಯಾಗುತ್ತಿತ್ತು. ಆ ಹುಳಿಯನ್ನು ಶಾಲೆಯ ಪ್ರಯೋಗಾಲಯದಲ್ಲಿ ಸಿಗುವ ಬಣ್ಣದ ಸೂಚಕವೇ ತೋರಿಸಿಕೊಡಬಲ್ಲದು.

ಇದು ಕರ್ನಾಟಕಕ್ಕೆ ದೂರದ ಕಥೆಯಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯ ಕಿರದಳ್ಳಿ ತಾಂಡಾದಲ್ಲಿ ಜನ ಕುಡಿಯುತ್ತಿದ್ದ ನೀರಿನಲ್ಲಿ ಆರ್ಸೆನಿಕ್ ಇರುವುದು ಬೆಳಕಿಗೆ ಬಂದಾಗ ಅಲ್ಲಿ ಚರ್ಮರೋಗ, ಕ್ಯಾನ್ಸರ್ ಸುದ್ದಿಯಾಗಿದ್ದವು. ಹಟ್ಟಿ ಚಿನ್ನದ ಗಣಿಯ ಸುತ್ತಲಿನ ಶಿಲಾಪಟ್ಟಿಯಲ್ಲಿ ಚಿನ್ನದ ಜೊತೆಗೇ ಆರ್ಸೆನಿಕ್ ಇರುವ ಖನಿಜಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದು. ಅಷ್ಟು ಅಲ್ಪ ಪ್ರಮಾಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಿಖರವಾಗಿ ಅಳೆಯಬೇಕಾದರೆ ಮಾದರಿಯನ್ನು ದೊಡ್ಡ ಪ್ರಯೋಗಾಲಯಕ್ಕೆ ಒಯ್ದು ದುಬಾರಿ ಯಂತ್ರದ ಮುಂದೆ ಸರದಿಗೆ ಕಾಯಬೇಕು. ಸ್ವಿಟ್ಜರ್ಲೆಂಡಿನ ಯಾನ್ ವಾನ್ ಡೆರ್ ಮೀರ್ ಅವರ ತಂಡ ಬೆಳಕು ಬೀರುವ ಬ್ಯಾಕ್ಟೀರಿಯಾಗಳನ್ನು ವಿಯೆಟ್ನಾಮಿನ ಬಾವಿ ನೀರಿನ ಮೇಲೆ ಪ್ರಯೋಗಿಸಿ 2005ರಲ್ಲೇ ಫಲಿತಾಂಶ ಪ್ರಕಟಿಸಿತ್ತು. ಅದೇ ಬಗೆಯ ಸಂವೇದಕವನ್ನು ಮುಂದೆ ಬಾಂಗ್ಲಾದೇಶದ ಹಳ್ಳಿಗಳಲ್ಲೂ ಪರೀಕ್ಷಿಸಲಾಯಿತು. ಒಣಗಿಸಿ ಪುಡಿಯಾಗಿಸಿದ ಬ್ಯಾಕ್ಟೀರಿಯಾ ಇರುವ ಪುಟ್ಟ ಸೀಸೆ; ಅದಕ್ಕೆ ಸಿರಿಂಜಿನಿಂದ ಒಂದಿಷ್ಟು ಬಾವಿ ನೀರು; ಒಂದೆರಡು ಗಂಟೆ ಕಾದು, ಕೈಯಲ್ಲಿ ಹಿಡಿಯುವ ಬೆಳಕು ಮಾಪಕದೊಳಗೆ ಸೀಸೆ ಇಟ್ಟು ಅಂಕಿ ಓದುವುದು. ಕೆಲಸ ಅಷ್ಟೇ.

ಬ್ಯಾಕ್ಟೀರಿಯಾವನ್ನು ಸಾಕ್ಷಿಗೆ ಕರೆಯುವ ಪದ್ಧತಿ ಜೀನ್ ಎಂಜಿನಿಯರಿಂಗಿಗೆ ಅಂಟಿಕೊಂಡೇ ಹುಟ್ಟಿದ್ದಲ್ಲ. 1970ರ ದಶಕದಲ್ಲಿ ಅಮೆರಿಕದ ಬ್ರೂಸ್ ಏಮ್ಸ್, ಒಂದು ರಾಸಾಯನಿಕ ಡಿಎನ್‌ಎಗೆ ಹಾನಿ ಮಾಡುತ್ತದೆಯೇ ಎಂದು ತಿಳಿಯಲು ಸಾಲ್ಮೊನೆಲ್ಲಾದ ವಿಶೇಷ ತಳಿಗಳನ್ನು ಬಳಸಿದರು. ಹೊಸ ಔಷಧ, ಕೀಟನಾಶಕಗಳು ಇವತ್ತಿಗೂ ಏಮ್ಸ್ ಪರೀಕ್ಷೆ ದಾಟಬೇಕು. ಸಮುದ್ರದ ಬೆಳಕಿನ ಬ್ಯಾಕ್ಟೀರಿಯಾಗಳನ್ನು ಕಾರ್ಖಾನೆಯ ತ್ಯಾಜ್ಯ ನೀರಿಗೆ ಹಾಕಿ, ಬೆಳಕು ಎಷ್ಟು ಮಂಕಾಯಿತು ಎಂಬುದರ ಮೇಲೆ ವಿಷದ ತೀವ್ರತೆ ಅಳೆಯುವ ವಿಧಾನವೂ ಹಳೆಯದೇ. ಆದರೆ ಇಂಥ ಪರೀಕ್ಷೆ ‘ಏನೋ ವಿಷವಿದೆ’ ಎಂದಷ್ಟೇ ಹೇಳುತ್ತದೆ, ಯಾವ ವಿಷ ಎಂದು ಹೇಳುವುದಿಲ್ಲ. ಜೀನ್ ತಿದ್ದಿದ ಬ್ಯಾಕ್ಟೀರಿಯಾ ನಿರ್ದಿಷ್ಟವಾಗಿ ಹೆಸರು ಹಿಡಿದು ಹೇಳುತ್ತದೆ. 1990ರಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯದ ಗ್ಯಾರಿ ಸೇಲರ್ ತಂಡ, ಡಾಂಬರಿನಲ್ಲಿರುವ ನ್ಯಾಫ್ತಲೀನ್ ಸಿಕ್ಕಾಗ ಮಾತ್ರ ಬೆಳಗುವ ಬ್ಯಾಕ್ಟೀರಿಯಾದ ವರದಿ ಪ್ರಕಟಿಸಿತು. 1996ರಲ್ಲಿ ಸರ್ಕಾರದ ಅನುಮತಿ ಪಡೆದು, ಓಕ್ ರಿಡ್ಜ್‌ನಲ್ಲಿ ನೆಲದೊಳಗೆ ಕಟ್ಟಿದ ತೊಟ್ಟಿಗಳ ಮಣ್ಣಿಗೆ ಅಂಥ ಬ್ಯಾಕ್ಟೀರಿಯಾ ಬೆರೆಸಿ ಪರೀಕ್ಷಿಸಲಾಯಿತು. ಜೆರುಸಲೇಮಿನ ಶಿಮ್ಶೋನ್ ಬೆಲ್ಕಿನ್ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೂತಿಟ್ಟ ನೆಲಬಾಂಬಿನಿಂದ ಸೋರುವ ಡಿಎನ್‌ಟಿ ಎಂಬ ರಾಸಾಯನಿಕದ ಆವಿಗೆ ಹೊಳೆಯುವ ಇ. ಕೋಲಿಯನ್ನು ಸಣ್ಣ ಮಣಿಗಳೊಳಗೆ ತುಂಬಿ ನೆಲದ ಮೇಲೆ ಹರಡಿ, 20 ಮೀಟರ್ ದೂರದಿಂದ ಲೇಸರ್ ಬೀರಿ ಬಾಂಬಿನ ಜಾಗ ಗುರುತಿಸಿದ್ದನ್ನು 2017ರಲ್ಲಿ ವರದಿ ಮಾಡಿತು.

ಬೆಂಗಳೂರಿನ ಉತ್ತರ ಭಾಗಕ್ಕೆ ಮರಳಿದರೆ, ಯಶವಂತಪುರದ ಆಚೆಗೇ ಪೀಣ್ಯ. 1970ರ ದಶಕದಲ್ಲಿ ಬೆಳೆದ ಈ ಕೈಗಾರಿಕಾ ಪ್ರದೇಶದಲ್ಲಿ ಲೋಹಕ್ಕೆ ಹೊಳಪಿನ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಬಹಳ. ಆ ಕೆಲಸಕ್ಕೆ ಕ್ರೋಮಿಕ್ ಆಮ್ಲ ಬೇಕು. ತೊಳೆದ ನೀರು ನೆಲಕ್ಕಿಳಿದರೆ ಅದರ ಹಿಂದೆಯೇ ಆರು ವೇಲೆನ್ಸಿಯ ಕ್ರೋಮಿಯಂ ಸಹ ಇಳಿಯುತ್ತದೆ. ಕ್ಯಾನ್ಸರ್ ತರಬಲ್ಲದು ಈ ರೂಪವೇ. ಪೀಣ್ಯದ ಅಂತರ್ಜಲದಲ್ಲಿ ಅದು ಸೇರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿ ಎಂದೋ ದಾಖಲಿಸಿದೆ. ಪ್ರಮಾಣ ವಿಪರೀತವಾದರೆ ನೀರು ಹಳದಿಗೆ ತಿರುಗಿ ತಾನೇ ಸಾರಿ ಹೇಳುತ್ತದೆ. ಭಾರತೀಯ ಮಾನಕ ಹಾಕಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅದರ ನಾಲ್ಕೈದು ಪಟ್ಟು ಇದ್ದರೂ ಬಿಂದಿಗೆಯ ನೀರು ತಿಳಿಯಾಗಿಯೇ ಕಾಣುತ್ತದೆ.

ಕ್ರೋಮಿಯಂ ಜೀವಕೋಶದೊಳಗೆ ಸೇರುವ ಬಗೆಯೂ ಕುತೂಹಲದ್ದು. ಆರು ವೇಲೆನ್ಸಿಯ ಕ್ರೋಮಿಯಂ ಇರುವ ಕ್ರೋಮೇಟ್ ಅಣು ನೋಡಲು ಸಲ್ಫೇಟ್ ಅಣುವಿನ ಹಾಗೇ ಇರುತ್ತದೆ. ಕೋಶ ಗಂಧಕಕ್ಕಾಗಿ ತೆರೆದಿಟ್ಟ ದಾರಿಯಲ್ಲೇ ಇದು ನುಗ್ಗುತ್ತದೆ. ಇದನ್ನು ತಾಳಿಕೊಳ್ಳುವ ಕೆಲವು ಬ್ಯಾಕ್ಟೀರಿಯಾಗಳಿಗೆ ಕ್ರೋಮೇಟನ್ನು ಹೊರದಬ್ಬುವ ಪಂಪು ಇದೆ, ಆ ಪಂಪಿಗೆ ಸುದ್ದಿ ಮುಟ್ಟಿಸುವ ಸಿಎಚ್‌ಆರ್‌ಬಿ ಎಂಬ ಪ್ರೋಟೀನೂ ಇದೆ. ಕ್ರೋಮಿಯಂ ಬೆರೆತ ಕೊಳಚೆಯ ಕೆಸರಿನಿಂದ ಹೆಕ್ಕಿದ ಒಂದು ಬ್ಯಾಕ್ಟೀರಿಯಾದ ಈ ಭಾಗಗಳನ್ನು ಹಸಿರು ಹೊಳಪಿನ ಪ್ರೋಟೀನಿನ ಜೀನಿಗೆ ಜೋಡಿಸಿ, ಪೋರ್ಚುಗಲ್ಲಿನ ಸಂಶೋಧಕರು 2013ರಲ್ಲಿ ಕ್ರೋಮೇಟ್ ಸಂವೇದಕ ಸಿದ್ಧಪಡಿಸಿದರು. ವಿಷದ ನೀರಿನಲ್ಲೇ ಹುಟ್ಟಿ ಬೆಳೆದ ಜೀವಿಗೆ ಅದನ್ನು ಗುರುತಿಸುವ ಉಪಾಯವೂ ಗೊತ್ತಿರುತ್ತದೆ. ಪೀಣ್ಯದ ಮೋರಿಯ ಕೆಸರಿನಲ್ಲೂ ಅಂಥವನ್ನು ಹುಡುಕಬಹುದು.

ಸಂವೇದಕ ಬ್ಯಾಕ್ಟೀರಿಯಾದ ದೊಡ್ಡ ಕೆಲಸವೊಂದು ಯಶವಂತಪುರಕ್ಕೆ ಕೂಗಳತೆಯಲ್ಲೇ ನಡೆದಿದೆ. ಅದು ನೀರಿಗೆ ಸಂಬಂಧಿಸಿದ್ದಲ್ಲ, ಕ್ಷಯರೋಗಕ್ಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಮಿತ್ ಸಿಂಗ್ ಅವರ ತಂಡಕ್ಕೆ ಕಾಡಿದ ಪ್ರಶ್ನೆ ಹಳೆಯದು: ಪ್ರಬಲ ಔಷಧಗಳಿದ್ದೂ ಕ್ಷಯ ಗುಣವಾಗಲು ಆರು ತಿಂಗಳು ಏಕೆ ಬೇಕು? ಎಲ್ಲ ಕ್ರಿಮಿಗಳೂ ಒಟ್ಟಿಗೆ ಏಕೆ ಸಾಯುವುದಿಲ್ಲ? ಉತ್ತರವನ್ನು ಕ್ರಿಮಿಯ ಬಾಯಿಂದಲೇ ಕೇಳಲು ಅವರು ನಿರ್ಧರಿಸಿದರು. ಕ್ಷಯದ ಬ್ಯಾಕ್ಟೀರಿಯಾ ತನ್ನನ್ನು ತುಕ್ಕು ಹಿಡಿಸುವಂಥ ಆಕ್ಸಿಡೀಕರಣದಿಂದ ಕಾಪಾಡಿಕೊಳ್ಳಲು ಮೈಕೋಥಯೋಲ್ ಎಂಬ ಅಣುವನ್ನು ಬಳಸುತ್ತದೆ. ಆ ಅಣುವಿನ ಸ್ಥಿತಿಗತಿಗೆ ಸ್ಪಂದಿಸುವ ಪ್ರೋಟೀನ್ ಒಂದನ್ನು ಹಸಿರು ಹೊಳಪಿನ ಪ್ರೋಟೀನಿಗೆ ಬೆಸೆದು, ಕ್ಷಯದ ಕ್ರಿಮಿಯೊಳಗೇ ಕೂರಿಸಲಾಯಿತು. ಎಂಆರ್‌ಎಕ್ಸ್1-ಆರ್‌ಒಜಿಎಫ್‌ಪಿ2 ಎಂಬ ಬಾಯಿ ಹೊರಳದ ಹೆಸರಿನ ಈ ಸಂವೇದಕದ ವಿವರ 2014ರಲ್ಲಿ ಪ್ರಕಟವಾಯಿತು. 405 ಮತ್ತು 488 ನ್ಯಾನೊಮೀಟರ್ ತರಂಗದ ಬೆಳಕನ್ನು ಒಂದರ ಹಿಂದೊಂದು ಬೀರಿ, ಎರಡಕ್ಕೂ ಕ್ರಿಮಿ ಎಷ್ಟೆಷ್ಟು ಹೊಳೆಯಿತು ಎಂಬುದರ ಅನುಪಾತ ನೋಡಿದರೆ ಅದು ಆ ಕ್ಷಣ ಎಷ್ಟು ಒತ್ತಡದಲ್ಲಿದೆ ಎಂದು ತಿಳಿಯುತ್ತದೆ. ಕ್ರಿಮಿಯನ್ನು ಒಡೆಯುವುದೂ ಬೇಡ, ಕೊಲ್ಲುವುದೂ ಬೇಡ.

ಕಂಡದ್ದು ಹೀಗೆ. ನಮ್ಮ ರೋಗನಿರೋಧಕ ವ್ಯವಸ್ಥೆಯ ಮ್ಯಾಕ್ರೊಫೇಜ್ ಕೋಶಗಳು ನುಂಗಿದ ಕ್ಷಯದ ಕ್ರಿಮಿಗಳೆಲ್ಲ ಒಂದೇ ಸ್ಥಿತಿಯಲ್ಲಿ ಇರುವುದಿಲ್ಲ. ಕೆಲವು ಒತ್ತಡಕ್ಕೆ ಬಳಲಿರುತ್ತವೆ, ಕೆಲವು ತಕ್ಕ ರಕ್ಷಣೆ ಕಟ್ಟಿಕೊಂಡು ನಿರುಮ್ಮಳವಾಗಿರುತ್ತವೆ. ಔಷಧಕ್ಕೆ ಜಗ್ಗದೆ ಉಳಿಯುವವು ಈ ಎರಡನೇ ಗುಂಪಿನವು. ಕೋಶದೊಳಗಿನ ಆಮ್ಲೀಯ ವಾತಾವರಣಕ್ಕೂ ಈ ಸ್ಥಿತಿಗೂ ನಂಟಿದೆ ಎಂದು ಹೊಳೆದಾಗ, ಆ ಆಮ್ಲತೆಯನ್ನು ತಗ್ಗಿಸುವ ಮಲೇರಿಯಾದ ಹಳೇ ಮಾತ್ರೆ ಕ್ಲೋರೋಕ್ವಿನ್ ಅನ್ನು ಕ್ಷಯದ ಔಷಧಗಳ ಜೊತೆ ಕೊಟ್ಟು ನೋಡಿದರು. ಪ್ರಯೋಗದ ಪ್ರಾಣಿಗಳಲ್ಲಿ ಔಷಧದ ಪರಿಣಾಮ ಹೆಚ್ಚಿತು, ರೋಗ ಮರುಕಳಿಸುವುದು ತಗ್ಗಿತು. 2019ರಲ್ಲಿ ‘ಸೈನ್ಸ್ ಟ್ರಾನ್ಸ್‌ಲೇಷನಲ್ ಮೆಡಿಸಿನ್’ ಪತ್ರಿಕೆ ಇದನ್ನು ಪ್ರಕಟಿಸಿತು. ಜಗತ್ತಿನ ಕ್ಷಯರೋಗಿಗಳಲ್ಲಿ ಸರಿಸುಮಾರು ನಾಲ್ಕನೇ ಒಂದು ಪಾಲು ಇರುವ ದೇಶಕ್ಕೆ ಇದು ಸಣ್ಣ ಸುಳಿವಲ್ಲ. ಇಲ್ಲಿ ಬ್ಯಾಕ್ಟೀರಿಯಾ ಬಿಟ್ಟುಕೊಟ್ಟದ್ದು ತನ್ನದೇ ಗುಟ್ಟು.

ವೈದ್ಯಕೀಯದಲ್ಲಿ ಇನ್ನೊಂದು ದಾರಿ ಹೊಟ್ಟೆಯೊಳಗಿನದು. ಮೊದಲ ಮಹಾಯುದ್ಧದ ಸಮಯ, 1917ರಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲ್, ಸುತ್ತಲಿನವರಿಗೆಲ್ಲ ಆಮಶಂಕೆ ತಗುಲಿದರೂ ತಾನು ಗಟ್ಟಿಯಾಗಿದ್ದ ಸೈನಿಕನೊಬ್ಬನ ಮಲದಿಂದ ಇ. ಕೋಲಿಯ ಒಂದು ತಳಿ ಬೇರ್ಪಡಿಸಿದ. ಅಪಾಯವಿಲ್ಲದ ಆ ‘ನಿಸ್ಲ್ 1917’ ತಳಿಯೇ ಇಂದಿನ ಹಲವು ಹೊಟ್ಟೆ ಸಂವೇದಕಗಳಿಗೆ ಅಡಿಪಾಯ. 2015ರಲ್ಲಿ ಅಮೆರಿಕದ ತಂಡವೊಂದು ಅದನ್ನು ಇಲಿಗಳಿಗೆ ಉಣಿಸಿತು. ಬ್ಯಾಕ್ಟೀರಿಯಾ ಪಿತ್ತಜನಕಾಂಗಕ್ಕೆ ಹರಡಿದ ಗಡ್ಡೆಗಳಲ್ಲಿ ನೆಲೆಯೂರಿ, ಇಲಿಯ ಮೂತ್ರದಲ್ಲಿ ಬಣ್ಣ ಬದಲಾಗುವಂತೆ ಮಾಡಿತು. 2017ರಲ್ಲಿ ಹಾರ್ವರ್ಡ್‌ನ ಪಮೇಲಾ ಸಿಲ್ವರ್ ತಂಡದ ಬ್ಯಾಕ್ಟೀರಿಯಾ ಕರುಳಿನ ಉರಿಯೂತವನ್ನು ಗುರುತಿಸಿ ನೆನಪಿಟ್ಟುಕೊಂಡಿತು. ಇಲಿಗಳ ಹೊಟ್ಟೆಯಲ್ಲಿ ಆರು ತಿಂಗಳು ಕೆಲಸ ಕೆಡಲಿಲ್ಲ. 2018ರಲ್ಲಿ ಎಂಐಟಿ ಸಂಶೋಧಕರು ರಕ್ತಸ್ರಾವ ಪತ್ತೆ ಮಾಡುವ ನಿಸ್ಲ್ ತಳಿಯನ್ನೂ ಅತಿಸಣ್ಣ ಎಲೆಕ್ಟ್ರಾನಿಕ್ಸನ್ನೂ ಒಂದೇ ಗುಳಿಗೆಯೊಳಗೆ ಕೂಡಿಸಿದರು. ಹಂದಿಗಳ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ರಕ್ತ ಕಂಡು ಮಿನುಗಿತು, ಗುಳಿಗೆ ಆ ಬೆಳಕನ್ನು ಓದಿ ಹೊರಗಿನ ಫೋನಿಗೆ ಸುದ್ದಿ ಕಳಿಸಿತು. ಎಂಡೋಸ್ಕೋಪಿಯ ಕೊಳವೆ ನುಂಗಿದವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ಇವು ಔಷಧದಂಗಡಿಗೆ, ಗ್ರಾಮ ಪಂಚಾಯಿತಿಗೆ ಇನ್ನೂ ಏಕೆ ಬಂದಿಲ್ಲ?

ಮೊದಲ ಅಡ್ಡಿ ಜೀವದ ಸ್ವಭಾವದ್ದೇ. ಬ್ಯಾಕ್ಟೀರಿಯಾಗೆ ಸೆಖೆಯಾಗುತ್ತದೆ, ಚಳಿಯಾಗುತ್ತದೆ, ಹಸಿವಾಗುತ್ತದೆ. ಏಪ್ರಿಲ್‌ನಲ್ಲಿ ರಾಯಚೂರಿನಲ್ಲಿ ಕೊಡುವ ಉತ್ತರವೂ ಡಿಸೆಂಬರ್‌ನಲ್ಲಿ ಯಲಹಂಕದಲ್ಲಿ ಕೊಡುವ ಉತ್ತರವೂ ಒಂದೇ ಆಗಿರಬೇಕೆಂದರೆ ಬಹಳ ಪಳಗಿಸಬೇಕು. ಇನ್ನೊಂದು ಅಪಾಯ ಹೆಚ್ಚು ಗಂಭೀರ. ನೀರು ತೀರಾ ವಿಷವಾಗಿದ್ದರೆ ಸಂವೇದಕವೇ ಸತ್ತುಹೋಗುತ್ತದೆ. ಸತ್ತ ಬ್ಯಾಕ್ಟೀರಿಯಾ ಮಿನುಗುವುದಿಲ್ಲ. ಮಿನುಗಲಿಲ್ಲವೆಂದು ನೀರು ಶುದ್ಧವೆಂದುಕೊಂಡರೆ ಕೆಟ್ಟೆವು. ಇದಕ್ಕಾಗಿಯೇ ಪರೀಕ್ಷೆಯ ಪಕ್ಕದಲ್ಲಿ ಸದಾ ಹೊಳೆಯುವ ಇನ್ನೊಂದು ತಳಿಯನ್ನು ಇಡುತ್ತಾರೆ. ಅದೂ ಆರಿದರೆ ನೀರೇ ಕೊಲೆಗಾರ ಎಂದರ್ಥ. ಈ ವಿಧಾನದ ಪರವಾಗಿಯೂ ಒಂದು ಮಾತಿದೆ. ಯಂತ್ರ ನೀರಿನಲ್ಲಿರುವ ಒಟ್ಟು ಲೋಹವನ್ನು ಎಣಿಸುತ್ತದೆ, ಬ್ಯಾಕ್ಟೀರಿಯಾ ಅದರಲ್ಲಿ ಜೀವಕೋಶಕ್ಕೆ ಸೇರುವಷ್ಟನ್ನು ಮಾತ್ರ ಲೆಕ್ಕ ಹಿಡಿಯುತ್ತದೆ. ಕುಡಿಯುವವರಿಗೆ ಬೇಕಾದ ಲೆಕ್ಕ ಎರಡನೆಯದು.

ಎರಡನೇ ಅಡ್ಡಿ ಕಾನೂನು. ಜೀನ್ ತಿದ್ದಿದ ಜೀವಿಯನ್ನು ಪ್ರಯೋಗಾಲಯದಿಂದ ಹೊರಗೆ ಒಯ್ಯುವುದು ಯಾವ ದೇಶದಲ್ಲೂ ಸುಲಭವಲ್ಲ. ಭಾರತದಲ್ಲಿ ಇದನ್ನು ನಿಯಂತ್ರಿಸುವುದು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರ ಡಿಸೆಂಬರಿನಲ್ಲಿ ಬಂದ ನಿಯಮಗಳು. ಸಂಸ್ಥೆಯ ಸುರಕ್ಷತಾ ಸಮಿತಿ, ಜೈವಿಕ ತಂತ್ರಜ್ಞಾನ ಇಲಾಖೆಯ ಪರಿಶೀಲನಾ ಸಮಿತಿ, ಪರಿಸರ ಸಚಿವಾಲಯದ ಜಿಇಎಸಿ ಸಮಿತಿ ಹೀಗೆ ಒಂದರ ಮೇಲೊಂದು ಮೆಟ್ಟಿಲು. ಈ ಎಚ್ಚರಿಕೆ ಅನಗತ್ಯವೂ ಅಲ್ಲ. ಪ್ರಯೋಗಾಲಯದ ತಳಿಗಳಲ್ಲಿ ಗುರುತಿಗೆಂದು ಆಂಟಿಬಯೋಟಿಕ್ ನಿರೋಧಕ ಜೀನ್ ಇಡುವ ರೂಢಿಯಿದೆ. ಅದು ಕೆರೆಯ ಬ್ಯಾಕ್ಟೀರಿಯಾಗೆ ದಾಟಿದರೆ ಹೊಸ ತಲೆನೋವು. ಈ ಆತಂಕವನ್ನೂ ಯಲಹಂಕದ ತಂಡವೇ ಕೈಗೆತ್ತಿಕೊಂಡಿತ್ತು ಎಂಬುದು ಗಮನಾರ್ಹ. 2011ರ ಐಜೆಮ್ ಸ್ಪರ್ಧೆಗೆ ಅವರು ಹೊಸ ಜೀವಿಯನ್ನು ತಯಾರಿಸಲಿಲ್ಲ. ಸ್ಪರ್ಧಿಗಳೆಲ್ಲ ಬಳಸುವ ಕೃತಕ ಡಿಎನ್‌ಎ ತುಣುಕುಗಳು ಪ್ರಯೋಗಾಲಯದಿಂದ ತಪ್ಪಿಸಿಕೊಂಡು ಹೊರಗಿನ ಪರಿಸರ ಸೇರಿವೆಯೇ ಎಂದು ಹುಡುಕುವ ವಿಧಾನವನ್ನು ರೂಪಿಸಿದರು. ಸಂವೇದಕ ಕಟ್ಟುವವರು ತಮ್ಮ ಸಂವೇದಕದ ಮೇಲೂ ಕಣ್ಣಿಡಬೇಕೆಂದು ಸ್ಪರ್ಧೆಯ ವೇದಿಕೆಯಲ್ಲೇ ಹೇಳಿದಂತಾಯಿತು.

ಎರಡೂ ಅಡ್ಡಿಗಳನ್ನು ಒಟ್ಟಿಗೆ ದಾಟುವ ಉಪಾಯವೊಂದು ಕಳೆದ ಹತ್ತು ವರ್ಷಗಳಲ್ಲಿ ಬಲಿತಿದೆ. ಬ್ಯಾಕ್ಟೀರಿಯಾವನ್ನು ಒಡೆದು, ಜೀನ್ ಓದಿ ಪ್ರೋಟೀನ್ ಕಟ್ಟುವ ಅದರ ಯಂತ್ರಾಂಗವನ್ನು ಮಾತ್ರ ಹೊರತೆಗೆದು, ಸಂವೇದಕ ಡಿಎನ್‌ಎ ಜೊತೆ ಸೇರಿಸಿ ಒಣಗಿಸಿಡುವುದು. ಅಲ್ಲಿ ಜೀವವಿಲ್ಲ, ಬೆಳೆಯುವುದಿಲ್ಲ, ತಪ್ಪಿಸಿಕೊಳ್ಳುವುದೂ ಇಲ್ಲ. ಒಂದು ಹನಿ ನೀರು ಬಿದ್ದಾಗ ಒಣಪುಡಿ ಕೆಲಸ ಶುರು ಮಾಡುತ್ತದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜೂಲಿಯಸ್ ಲಕ್ಸ್ ತಂಡ 2020ರಲ್ಲಿ ಜೀವಕೋಶವಿಲ್ಲದ ಎರಡು ಸಂವೇದಕಗಳನ್ನು ಮುಂದಿಟ್ಟಿತು. ಒಂದು, ‘ರೋಸಲಿಂಡ್’ ಎಂಬ ಹೆಸರಿನದು, 17 ಬಗೆಯ ಮಾಲಿನ್ಯಕಾರಕಗಳನ್ನು ಗುರುತಿಸುತ್ತದೆ. ಇನ್ನೊಂದು ಫ್ಲೋರೈಡ್‌ಗಾಗಿ. ಬ್ಯಾಕ್ಟೀರಿಯಾಗಳಲ್ಲಿ ಫ್ಲೋರೈಡ್ ತಗುಲಿದಾಗ ಮಡಚಿಕೊಳ್ಳುವ ಆರ್‌ಎನ್‌ಎ ತುಂಡೊಂದನ್ನು 2012ರಲ್ಲಿ ಯೇಲ್ ವಿಜ್ಞಾನಿಗಳು ಕಂಡುಹಿಡಿದಿದ್ದರು. ಅದನ್ನೇ ಬಳಸಿದ ಪರೀಕ್ಷೆ ಕೋಸ್ಟರಿಕಾದ ನೀರಿನ ಮೇಲೆ ಕೆಲಸ ಮಾಡಿತು.

ಫ್ಲೋರೈಡ್ ಎಂದರೆ ಪಾವಗಡ, ಚಿಕ್ಕಬಳ್ಳಾಪುರ, ಕೋಲಾರದವರಿಗೆ ವಿವರಿಸಬೇಕಿಲ್ಲ. ಹಲ್ಲಿನ ಕಂದು ಗೆರೆ, ಬಾಗಿದ ಮೂಳೆ, ಸೆಟೆದ ಕೀಲು ಅಲ್ಲಿ ಮನೆಮನೆಯ ಅನುಭವ. ಕೊಳವೆಬಾವಿ ಆಳಕ್ಕಿಳಿದಷ್ಟೂ ಫ್ಲೋರೈಡ್ ಏರುವ ಆತಂಕವಿದೆ. ಹೊಸದಾಗಿ ಕೊರೆಸಿದ ಬಾವಿಯ ನೀರು ಕುಡಿಯಬಹುದೇ ಎಂದು ಅದೇ ದಿನ ಹೇಳಬಲ್ಲ, ಕರೆಂಟು ಬೇಡದ, ಯಂತ್ರ ಬೇಡದ ಪರೀಕ್ಷೆ ಅಲ್ಲಿ ಬೇಕು. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಅಂತರ್ಜಲ ಮರುಪೂರಣಕ್ಕೆಂದು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಯುತ್ತಿದೆ. ಅದರಲ್ಲಿ ಲೋಹಗಳು ಉಳಿದಿವೆಯೇ ಎಂಬ ಪ್ರಶ್ನೆಯನ್ನು ಆ ಜಿಲ್ಲೆಯ ರೈತರು ಬಿಡದೆ ಕೇಳುತ್ತ ಬಂದಿದ್ದಾರೆ. ಆ ಪ್ರಶ್ನೆಗೆ ವರ್ಷಕ್ಕೊಮ್ಮೆ ಬರುವ ವರದಿಗಿಂತ ಕೆರೆ ಕೋಡಿಯ ಬಳಿ ವಾರವಾರ ಮಾಡುವ ಅಗ್ಗದ ಪರೀಕ್ಷೆ ಒಳ್ಳೆಯ ಉತ್ತರ.

ಇಷ್ಟಕ್ಕೆ ಬೇಕಾದ ಕೈಗಳು ಬೆಂಗಳೂರಿನ ಉತ್ತರ ಭಾಗದಲ್ಲೇ ಇವೆ. ಜಿಕೆವಿಕೆಯಲ್ಲಿ ಎನ್‌ಸಿಬಿಎಸ್ ಇದೆ, ಹೊಸ ಉದ್ಯಮಗಳಿಗೆ ಆಸರೆಯಾದ ಸಿ-ಕ್ಯಾಂಪ್ ಅದೇ ಆವರಣದಲ್ಲಿದೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಯಶವಂತಪುರದ ಮಗ್ಗುಲಲ್ಲಿ ವಿಜ್ಞಾನ ಸಂಸ್ಥೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಬಯೋಇ3 ನೀತಿ ಜೈವಿಕ ತಯಾರಿಕೆಗೆ ಒತ್ತು ಕೊಡುವ ಮಾತಾಡಿದೆ. ಮಾತು ಕಾರ್ಯವಾಗಲು ದೊಡ್ಡ ಯೋಜನೆಯೇನೂ ಬೇಡ. ಪೀಣ್ಯದ ಆಯ್ದ ಕೊಳವೆಬಾವಿಗಳ ನೀರನ್ನು ಜೀವವಿಲ್ಲದ ಒಣ ಸಂವೇದಕದಿಂದಲೂ ಮಾಮೂಲಿ ಪ್ರಯೋಗಾಲಯದಿಂದಲೂ ಒಂದು ವರ್ಷ ಒಟ್ಟೊಟ್ಟಿಗೆ ಪರೀಕ್ಷಿಸಿ, ಎರಡರ ಅಂಕಿಗಳನ್ನೂ ಸಾರ್ವಜನಿಕರ ಮುಂದಿಡಬೇಕು. ಅಂಕಿಗಳು ತಾಳೆಯಾದರೆ ಪಾವಗಡಕ್ಕೂ ಕಿರದಳ್ಳಿಗೂ ಅದನ್ನು ಒಯ್ಯಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಯೂ ಸಂಶೋಧನಾ ಸಂಸ್ಥೆಗಳೂ ಕೂಡಿ ಇದನ್ನು ಈಗಲೇ ಶುರು ಮಾಡಲಿ. ಅಲ್ಲಿಯವರೆಗೆ, ಸ್ವಂತ ಕೊಳವೆಬಾವಿಯ ನೀರನ್ನೇ ಕುಡಿಯುವವರು ವರ್ಷಕ್ಕೊಮ್ಮೆಯಾದರೂ ಅದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು, ಫ್ಲೋರೈಡ್ ಮತ್ತು ನೈಟ್ರೇಟಿನ ಜೊತೆ ಕ್ರೋಮಿಯಂ, ಆರ್ಸೆನಿಕ್ ಪರೀಕ್ಷೆಯನ್ನೂ ಕೇಳಿ ಮಾಡಿಸಿಕೊಳ್ಳುವುದು ಒಳ್ಳೆಯದು.